ಅನುದಿನದ ಅನ್ನ, ಕೇಡಗಾಂವದ ಬಾವಿ: ಪಂಡಿತಾ ರಮಾಬಾಯಿಯವರ ಪ್ರಾರ್ಥನೆಯನ್ನು ಕುರಿತು
(ಪುಣೆಯ ಕೊಂಢವಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಕ್ರೈಸ್ತ ಪ್ರಾರ್ಥನೆಯಲ್ಲಿ ಸ್ತುತಿ, ಪಾಪನಿವೇದನೆ, ಕೃತಜ್ಞತೆ, ಪರರಿಗಾಗಿ ಮಾಡುವ ಬಿನ್ನಹ ಎಂಬಿವುಗಳ ಜೊತೆಗೆ ಯಾಚನೆ ಎಂಬ ಇನ್ನೊಂದು ಬಗೆಯಿದ್ದು, ಹಿಟ್ಟು, ಬಾಡಿಗೆ, ಮಕ್ಕಳ ಫೀಜು, ಔಷಧದ ಖರ್ಚು ಮುಂತಾದ ದಿನನಿತ್ಯದ ಅಗತ್ಯಗಳನ್ನು ದೇವರ ಮುಂದೆ ಹೆಸರು ಹಿಡಿದು ಹೇಳಿಕೊಳ್ಳುವುದೇ ಅದರ ಲಕ್ಷಣವಾಗಿದೆ. ಅನುಭಾವದ ಎತ್ತರವನ್ನು ಬಯಸುವವರು ಇದನ್ನು ಕೆಳಗಿನ ಮೆಟ್ಟಿಲಿನ ಪ್ರಾರ್ಥನೆಯೆಂದು ಎಣಿಸುವುದುಂಟು; ಆದರೆ ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂದು ಮತ್ತಾಯ ಮತ್ತು ಲೂಕರ ಸುವಾರ್ತೆಗಳು ದಾಖಲಿಸುವ ಪ್ರಾರ್ಥನೆಯಲ್ಲಿ ಅನ್ನದ ಬೇಡಿಕೆಯು ಪಾಪಕ್ಷಮೆಯ ಬೇಡಿಕೆಗಿಂತ ಮೊದಲೇ ಬರುತ್ತದೆ ಎಂಬುದನ್ನು ಅವರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಆ ಬೇಡಿಕೆಗೆ ಎರಡು ಮಿತಿಗಳಿವೆ. ಕೇಳುವುದು ಆ ಹೊತ್ತಿನ ಅನ್ನವನ್ನಷ್ಟೇ, ವರ್ಷದ ದಾಸ್ತಾನನ್ನಲ್ಲ. ಕೇಳುವವನು ತನ್ನೊಬ್ಬನಿಗಾಗಿ ಕೇಳದೆ ಎಲ್ಲರನ್ನೂ ಸೇರಿಸಿಕೊಂಡು ಬಹುವಚನದಲ್ಲಿ ಕೇಳುತ್ತಾನೆ.

ಮೊದಲ ಮಿತಿಗೆ ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ ಒಂದು ಪೂರ್ವಕಥೆಯಿದೆ. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲರಿಗೆ ಬೆಳಗಿನ ಹೊತ್ತು ನೆಲದ ಮೇಲೆ ಸಿಗುತ್ತಿದ್ದ ಮನ್ನ ಎಂಬ ಆಹಾರವನ್ನು ಅಂದಿನ ಊಟಕ್ಕೆ ತಕ್ಕಷ್ಟು ಮಾತ್ರ ಆಯ್ದುಕೊಳ್ಳಬೇಕಿತ್ತು, ಮರುದಿನಕ್ಕೆಂದು ಕೂಡಿಟ್ಟದ್ದು ಹುಳ ಬಿದ್ದು ಕೆಡುತ್ತಿತ್ತು. ಕನ್ನಡದ ಓದುಗನಿಗೆ ಇಲ್ಲಿ ಹನ್ನೆರಡನೆಯ ಶತಮಾನದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನೆನಪಾಗದಿರಲಾರರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವು ನಾಡಿನಲ್ಲಿ ಮನೆಮಾತಾಗಿದೆ. ಎರಡು ಪರಂಪರೆಗಳನ್ನು ಒಂದೇ ಎಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಶರಣರಲ್ಲಿ ಒತ್ತು ಕಾಯಕದ ಮೇಲಿದೆ, ಮನ್ನದ ಕಥೆಯಲ್ಲಿ ಕೊಡುವವನ ಮೇಲಿದೆ. ಆದರೂ ನಾಳೆಯ ಭಯದಿಂದ ಹುಟ್ಟುವ ಸಂಗ್ರಹವನ್ನು ಎರಡೂ ಕಡೆ ನಂಬಿಕೆಯ ಕೊರತೆಯೆಂದೇ ಕಂಡಿರುವುದು ಗಮನಾರ್ಹವಾಗಿದೆ.

ಕನ್ನಡ ನಾಡಿಗೆ ಬಂದ ಪ್ರೊಟೆಸ್ಟಂಟ್ ಮಿಶನ್‌ಗಳು ಅನ್ನದ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಬಗೆಹರಿಸಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದಾಗಿ ಕುಲದ ಆಸರೆಯನ್ನು ಕಳೆದುಕೊಂಡವರಿಗೆ ನೇಯ್ಗೆಯ ಮತ್ತು ಹೆಂಚಿನ ಕಾರ್ಖಾನೆಗಳನ್ನು ಕಟ್ಟಿ, ದುಡಿಮೆ ಮತ್ತು ಸಂಬಳದ ಮೂಲಕ ಅನ್ನವನ್ನು ಒದಗಿಸಿತು. ಇನ್ನೊಂದು ದಾರಿಯು 'ವಿಶ್ವಾಸ ಮಿಶನ್' ಎಂದು ಕರೆಯಿಸಿಕೊಂಡಿತು. ನಿಶ್ಚಿತ ಸಂಬಳವಿಲ್ಲದೆ, ಚಂದಾ ಎತ್ತದೆ, ಸಾಲ ಮಾಡದೆ, ಅಗತ್ಯವನ್ನು ಮನುಷ್ಯರಿಗೆ ತಿಳಿಸದೆ ದೇವರಿಗೆ ಮಾತ್ರ ತಿಳಿಸಿ ಸಂಸ್ಥೆಯನ್ನು ನಡೆಸುವ ಕ್ರಮಕ್ಕೆ ಈ ಹೆಸರು ಸಲ್ಲುತ್ತದೆ. ಇದರ ಪ್ರಸಿದ್ಧ ಪ್ರತಿನಿಧಿಯಾದ ಜಾರ್ಜ್ ಮುಲ್ಲರ್ (1805–1898) ಪ್ರಷ್ಯದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ನೆಲೆಸಿ, 1836ರಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಅನಾಥಾಲಯವನ್ನು ತೆರೆದು, 1870ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಎಡೆಯಿದ್ದ ಐದು ದೊಡ್ಡ ಕಟ್ಟಡಗಳನ್ನು ಎಬ್ಬಿಸಿದನು. ಅವನ ಮೇಲೆ ಪ್ರಭಾವ ಬೀರಿದವರಲ್ಲಿ ಭಾವನಾದ ಆಂಟನಿ ನಾರಿಸ್ ಗ್ರೋವ್ಸ್ ಒಬ್ಬನು. ದಂತವೈದ್ಯದ ಲಾಭದಾಯಕ ವೃತ್ತಿಯನ್ನು ಬಿಟ್ಟು ಬಾಗ್ದಾದಿಗೂ ಅಲ್ಲಿಂದ ದಕ್ಷಿಣ ಭಾರತಕ್ಕೂ ಬಂದ ಈತನ ಕುಟುಂಬದವರೇ ಮುಂದೆ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ, ರೈತರ ಬೆಲ್ಲವನ್ನು ಕೊಂಡು ಶುದ್ಧೀಕರಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ನಡೆಸಿದರು. ನಾಳೆಗೆ ಕೂಡಿಡಬಾರದೆಂದು ಪುಸ್ತಕ ಬರೆದವನ ಮಕ್ಕಳು ಸಕ್ಕರೆಯ ವ್ಯಾಪಾರಕ್ಕೆ ಇಳಿದದ್ದನ್ನು ವ್ಯಂಗ್ಯವಾಗಿ ನೋಡಬೇಕಾಗಿಲ್ಲ. ಎರಡು ದಾರಿಗಳ ನಡುವಿನ ಗೋಡೆ ಆರಂಭದಿಂದಲೂ ತೆಳುವಾಗಿತ್ತು ಎಂಬುದಕ್ಕೆ ಅದೊಂದು ಪುರಾವೆ.

ಈ ಎರಡು ದಾರಿಗಳೂ ಒಂದೇ ಹೊಲದಲ್ಲಿ ಸೇರಿದ ನಿದರ್ಶನವು ಪುಣೆಯ ಪೂರ್ವಕ್ಕೆ, ಸೋಲಾಪುರದತ್ತ ಹೋಗುವ ರೈಲು ದಾರಿಯ ಮೇಲಿರುವ ಕೇಡಗಾಂವದಲ್ಲಿ ಸಿಗುತ್ತದೆ. ಅಲ್ಲಿ ಮುಕ್ತಿ ಮಿಶನ್ ಅನ್ನು ಕಟ್ಟಿದ ಪಂಡಿತಾ ರಮಾಬಾಯಿ (1858–1922) ಮರಾಠಿಯ ಮಹಿಳೆಯಾಗಿ ಪ್ರಸಿದ್ಧರಾದರೂ ಅವರ ಹುಟ್ಟು ಕನ್ನಡ ನೆಲದ್ದು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಇಂದಿನ ಕಾರ್ಕಳ ತಾಲೂಕಿನ ಮಾಳದವರು. ಪುಣೆಯಲ್ಲಿ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುವುದನ್ನು ಕಂಡು, ಹೆಂಡತಿಗೂ ಸಂಸ್ಕೃತ ಕಲಿಸಬೇಕೆಂದು ಹಟ ಹಿಡಿದು, ಊರವರ ವಿರೋಧ ಬಂದಾಗ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡವರು. ಅಲ್ಲಿ ಹುಟ್ಟಿದ ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಸಾಲದ ಹೊರೆಯಿಂದ ಮನೆ ಬಿಟ್ಟು ಹೊರಟಿತು. ಆಳೊಬ್ಬನು ತಲೆಯ ಮೇಲೆ ಹೊತ್ತ ಬೆತ್ತದ ಬುಟ್ಟಿಯಲ್ಲಿ ಕೂಸು ಘಟ್ಟ ಇಳಿಯಿತು. ಮುಂದಿನ ಹದಿನಾರು ವರ್ಷ ಆ ಕುಟುಂಬವು ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದಿ, ಕೇಳಿದವರು ಇಟ್ಟ ದಕ್ಷಿಣೆ ಧಾನ್ಯಗಳಿಂದ ಬದುಕಿತು. ದೈವವನ್ನು ನಂಬಿ ದಿನ ದೂಡುವುದೆಂದರೇನೆಂಬುದನ್ನು ರಮಾಬಾಯಿ ಮುಲ್ಲರನ ಪುಸ್ತಕದಿಂದ ಕಲಿಯುವ ಅಗತ್ಯವಿರಲಿಲ್ಲ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

1870ರ ದಶಕದ ಬರಗಾಲ ಆ ಬದುಕನ್ನು ಮುರಿಯಿತು. ರಮಾಬಾಯಿಯವರ ಸ್ವಂತ ನಿರೂಪಣೆಯಂತೆ, ಇದ್ದ ಹಣ, ಒಡವೆ, ಪಾತ್ರೆಗಳೆಲ್ಲ ವ್ರತ, ದಾನ, ಹರಕೆಗಳಲ್ಲಿ ತೀರಿಹೋದವು. ತಿರುಪತಿಯ ಸಮೀಪದ ಕಾಡಿನಲ್ಲಿ ಕುಟುಂಬವು ಹಲವು ದಿನ ಎಲೆ, ಕಾಡುಹಣ್ಣು ತಿಂದು ಕಳೆಯಿತು. ಕೂಲಿಗೆ ಹೋಗುವುದನ್ನಾಗಲಿ ಭಿಕ್ಷೆ ಬೇಡುವುದನ್ನಾಗಲಿ ಶಾಸ್ತ್ರಿಗಳ ಮನೆಯ ಅಭಿಮಾನ ಒಪ್ಪಲಿಲ್ಲ. ಪವಿತ್ರ ಕೊಳದಲ್ಲಿ ಮುಳುಗಿ ಪ್ರಾಣ ಬಿಡಲು ತಂದೆ ನಿಶ್ಚಯಿಸಿದಾಗ, ಎಂಥ ಕೆಲಸವನ್ನಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ಅಣ್ಣ ಶ್ರೀನಿವಾಸನು ಮುಂದೆ ಬಂದನು. ಆದರೆ 1874ರಲ್ಲಿ ತಂದೆ, ಅವರ ಹಿಂದೆಯೇ ತಾಯಿ ಲಕ್ಷ್ಮೀಬಾಯಿ, ಬಳಿಕ ಅಕ್ಕ ತೀರಿಕೊಂಡರು. ಈ ಭಾಗವನ್ನು ಹಿಂದೂ ದೇವರು ಸೋತು ಕ್ರೈಸ್ತ ದೇವರು ಗೆದ್ದ ಕಥೆಯೆಂಬಂತೆ ಓದುವ ಪ್ರಚಾರಸಾಹಿತ್ಯ ಬೇಕಾದಷ್ಟಿದೆ. ಅದು ಅವಸರದ ಓದು. ಬರವು ಕ್ರೈಸ್ತರನ್ನೂ ಬಿಡಲಿಲ್ಲ, ಮುಂದೆ ಮುಕ್ತಿಗೆ ಬಂದ ಹೆಣ್ಣುಮಕ್ಕಳಲ್ಲಿಯೂ ಹಲವರು ಹಸಿವಿನ ಹಾನಿಯಿಂದ ಚೇತರಿಸಿಕೊಳ್ಳದೆ ಸತ್ತರು. ರಮಾಬಾಯಿಯವರು ಆ ದಿನಗಳಿಂದ ಪಡೆದ ನಿಜವಾದ ಪಾಠ ಬೇರೆಯೇ ಇತ್ತೆಂದು ಅವರ ಮುಂದಿನ ಕೆಲಸ ಹೇಳುತ್ತದೆ: ದುಡಿಯಲು ಬಾರದ, ದುಡಿಯಲು ಬಿಡದ ಭಕ್ತಿಯು ಹೆಂಗಸರನ್ನೂ ಮಕ್ಕಳನ್ನೂ ಮೊದಲು ಬಲಿ ತೆಗೆದುಕೊಳ್ಳುತ್ತದೆ.

ಕಲ್ಕತ್ತದಲ್ಲಿ ವಿದ್ವಾಂಸರಿಂದ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಪಡೆದದ್ದು, 1880ರಲ್ಲಿ ವಿವಾಹವಾಗಿ ಎರಡೇ ವರ್ಷಗಳಲ್ಲಿ ವಿಧವೆಯಾದದ್ದು, 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದದ್ದು, ಅಮೆರಿಕಕ್ಕೆ ಹೋಗಿ 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದ್ದು ಸುವಿದಿತ ಸಂಗತಿಗಳಾದ್ದರಿಂದ ಅವುಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಹಣದ ಕಥೆ. ಬಾಸ್ಟನ್ನಿನಲ್ಲಿ ಸ್ಥಾಪಿತವಾದ ಅಮೆರಿಕದ ರಮಾಬಾಯಿ ಸಂಘವು ವಿಧವೆಯರ ಶಾಲೆಗೆ ಹತ್ತು ವರ್ಷ ನೆರವು ನೀಡಲು ಒಪ್ಪಿತು. ಆ ಬಲದ ಮೇಲೆ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಶಾಲೆಯಲ್ಲಿ ಧರ್ಮಬೋಧೆ ನಡೆಯಬಾರದೆಂಬ ಒಪ್ಪಂದವಿತ್ತು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ಮುಚ್ಚದೆ ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದೇ ದೊಡ್ಡ ವಿವಾದವಾಗಿ 1893ರಲ್ಲಿ ಸುಧಾರಕರಾದ ರಾನಡೆ ಮತ್ತು ಭಂಡಾರಕರರು ಶಾಲೆಯ ಸಲಹಾ ಮಂಡಳಿಯಿಂದ ಹೊರಬಂದರು. ಒಂದೆಡೆ ಸ್ಥಳೀಯ ಬೆಂಬಲ ಕುಸಿದಿತ್ತು, ಇನ್ನೊಂದೆಡೆ ಅಮೆರಿಕದ ಹತ್ತು ವರ್ಷದ ಗಡುವು 1898ರಲ್ಲಿ ಮುಗಿಯುವುದರಲ್ಲಿತ್ತು.

ಈ ಇಕ್ಕಟ್ಟಿನ ವರ್ಷಗಳಲ್ಲಿಯೇ ರಮಾಬಾಯಿಯವರು ಮುಲ್ಲರನ ವೃತ್ತಾಂತವನ್ನೂ, ಚೀನಾ ಒಳನಾಡು ಮಿಶನ್ನಿನ ಹಡ್ಸನ್ ಟೇಲರ್ ಮತ್ತು ಪೆಸಿಫಿಕ್ ದ್ವೀಪಗಳ ಜಾನ್ ಪೇಟನ್ ಇವರ ಕಥನಗಳನ್ನೂ ಓದಿದರು. ಬೇರೆ ದೇಶಗಳಲ್ಲಿ ಸಾಧ್ಯವಾದ ಈ ಬಗೆಯ ಭರವಸೆ ಭಾರತದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಆ ಓದಿನಿಂದ ತಮ್ಮಲ್ಲಿ ಹುಟ್ಟಿತೆಂದು ಅವರು 1907ರ ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. ಸಾಕ್ಷಿ ಎಂದರೆ ದೇವರು ತನ್ನ ಬದುಕಿನಲ್ಲಿ ನಡೆಸಿದ್ದನ್ನು ವಿಶ್ವಾಸಿಯು ಸಭೆಯ ಮುಂದೆ ಅಥವಾ ಬರಹದಲ್ಲಿ ಒಪ್ಪಿಸುವ ನಿವೇದನೆ. 1896ರಲ್ಲಿ ಲೋಣಾವಳದ ಪ್ರಾರ್ಥನಾ ಶಿಬಿರಕ್ಕೆ ಹದಿನೈದು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದ ಅವರು, ಆ ಹದಿನೈದನ್ನು ಹದಿನೈದರಿಂದ ಗುಣಿಸಿ 225 ಮಂದಿಯನ್ನು ಕೊಡಬೇಕೆಂದು ದೇವರನ್ನು ಕೇಳಿದರು. ಪ್ರಾರ್ಥನೆಯಲ್ಲಿ ಗಣಿತ ಬರುವುದು ಕೆಲವರಿಗೆ ಒರಟಾಗಿ ಕಾಣಬಹುದು. ಆದರೆ ಹೇಗಾದರೂ ಒಳ್ಳೆಯದು ಮಾಡು ಎಂಬ ಮಸುಕಾದ ಬೇಡಿಕೆ ಈಡೇರಿತೋ ಇಲ್ಲವೋ ಎಂದು ಯಾರೂ ಪರೀಕ್ಷಿಸಲಾರರು, 225 ಎಂಬ ಅಂಕಿಯನ್ನು ಪರೀಕ್ಷಿಸಬಹುದು. ಸೋಲುವ ಸಾಧ್ಯತೆಗೆ ತನ್ನನ್ನು ಒಡ್ಡಿಕೊಳ್ಳುವ ಈ ಧೈರ್ಯವೇ ವಿಶ್ವಾಸ ಮಿಶನ್ನಿನ ಪ್ರಾರ್ಥನೆಯನ್ನು ಬರಿಯ ಭಾವುಕತೆಯಿಂದ ಬೇರ್ಪಡಿಸುತ್ತದೆ.

ಆ ವರ್ಷದ ಕೊನೆಗೆ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ರಮಾಬಾಯಿಯವರು ಅಲ್ಲಿಗೆ ಹೋಗಿ, ಮುಂದಿನ ತಿಂಗಳುಗಳಲ್ಲಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು ಹಬ್ಬಿತ್ತು. ಹೊಸಬರನ್ನು ನಗರದಲ್ಲಿ ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪದಿದ್ದುದರಿಂದ ಅವರನ್ನು ಕೇಡಗಾಂವದ ಹೊಲಕ್ಕೆ ಒಯ್ಯಬೇಕಾಯಿತು. ಪ್ಲೇಗು ಆಡಳಿತದಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಒದಗಿದ ದುರ್ಗತಿಯನ್ನು ಕುರಿತು ಅವರು 1897ರಲ್ಲಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದ ಕಟುವಾದ ಪತ್ರವು ಬ್ರಿಟಿಷ್ ಸಂಸತ್ತಿನವರೆಗೂ ಸದ್ದು ಮಾಡಿತು. ದೇವರಿಗೆ ಒಪ್ಪಿಸಿದ ಮೇಲೆ ಸರಕಾರವನ್ನು ಪ್ರಶ್ನಿಸಬಾರದೆಂಬ ತರ್ಕ ಅವರಲ್ಲಿ ಇರಲಿಲ್ಲ.

ಇನ್ನು ಆ ಹೊಲದ ವಿಚಾರ. ಸುಮಾರು ನೂರು ಎಕರೆಯ ಆ ಜಮೀನನ್ನು ಬರಕ್ಕೆ ಮೊದಲೇ ಕೊಂಡದ್ದು, ಮಾವು, ಕಿತ್ತಳೆ ಮುಂತಾದ ಹಣ್ಣಿನ ತೋಟ ಬೆಳೆಸಿ ಅಮೆರಿಕದ ಹಣ ನಿಂತ ಮೇಲೆ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಲಿ ಎಂಬ ಯೋಜನೆಯಿಂದ. ನಾಳೆಯನ್ನು ದೇವರಿಗೆ ಬಿಟ್ಟವರು ಹತ್ತು ವರ್ಷಕ್ಕೆ ಫಲ ಕೊಡುವ ಗಿಡ ನೆಡುವುದು ವಿರೋಧಾಭಾಸವಲ್ಲವೇ ಎಂದು ಕೇಳಬಹುದು. ರಮಾಬಾಯಿಯವರಿಗೆ ಅದು ಹಾಗೆ ತೋರಲಿಲ್ಲ. ಗಿಡ ನೆಡುವುದು ಅವರ ಪಾಲಿನ ಕೆಲಸವಾಗಿತ್ತು, ಮಳೆ ಬರುವುದು ಅಲ್ಲ. ಬಾವಿ ತೋಡುವುದು ಅವರ ಪಾಲಿಗಿತ್ತು, ಸೆಲೆ ಒಡೆಯುವುದು ಅಲ್ಲ. 1899–1900ರ ಗುಜರಾತಿನ ಮಹಾಬರದ ನಂತರ ಮುಕ್ತಿಯ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಬಂದಿತ್ತು, ದನಕರುಗಳಿದ್ದವು, ಕಟ್ಟಡಗಳ ಗಾರೆಗೂ ನೀರು ಬೇಕಿತ್ತು. ಸುತ್ತಲಿನ ಬಾವಿಗಳು ಬತ್ತಿದ್ದ ಆ ಹೊತ್ತಿನಲ್ಲಿ ಮುಕ್ತಿಯ ಎರಡು ಬಾವಿಗಳು ಪ್ರತಿ ಸಂಜೆ ತಳ ಕಾಣುತ್ತಿದ್ದವೆಂದೂ ಬೆಳಗಾಗುವಷ್ಟರಲ್ಲಿ ಮತ್ತೆ ಅಂದಿನ ಬಳಕೆಗೆ ಸಾಕಾಗುವಷ್ಟು ನೀರು ಬಂದಿರುತ್ತಿತ್ತೆಂದೂ ಮಿಶನ್ನಿನ ವೃತ್ತಾಂತಗಳು ಹೇಳುತ್ತವೆ. ಭೂಜಲ ಬಲ್ಲವರು ಇದಕ್ಕೆ ರಾತ್ರಿಯ ಜಿನುಗುವಿಕೆಯೆಂಬ ವಿವರಣೆ ಕೊಟ್ಟಾರು, ವಿಶ್ವಾಸಿಗಳು ಮನ್ನದ ಕಥೆಯನ್ನು ನೆನೆದಾರು. ಎರಡು ವಿವರಣೆಗಳೂ ಒಂದನ್ನೊಂದು ಹೊಡೆದುಹಾಕುವುದಿಲ್ಲ. ಬಾವಿ ತೋಡಿರದಿದ್ದರೆ ಮಾತ್ರ ಎರಡಕ್ಕೂ ಅವಕಾಶವಿರುತ್ತಿರಲಿಲ್ಲ.

ಮುಕ್ತಿಯ ದಿನಚರಿಯನ್ನು ನೋಡಿದರೆ ಅಲ್ಲಿ ಪ್ರಾರ್ಥನೆಯ ಗಂಟೆಗಿಂತ ಕೆಲಸದ ಗಂಟೆ ಕಡಿಮೆಯದೇನಾಗಿರಲಿಲ್ಲ. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ಬಟ್ಟೆ ಒಗೆಯುವುದು, ಹೊಲಗೆಲಸ ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸುತ್ತಿದ್ದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರೂ ಅವರೇ, ಮತ್ತು ರಮಾಬಾಯಿಯವರು ಮೂಲಭಾಷೆಗಳಿಂದ ಮಾಡಿದ ಮರಾಠಿ ಬೈಬಲ್ ಅನುವಾದವು ಅವರ ನಿಧನಾನಂತರ 1924ರಲ್ಲಿ ಹೊರಬಂದದ್ದು ಆ ಅಚ್ಚುಕೂಟದಿಂದಲೇ. ದೃಷ್ಟಿಯಿಲ್ಲದವರಿಗೆ ಬಾರ್ತಿಮಿ ಸದನ, ಮುದಿ ಮತ್ತು ಅಶಕ್ತ ಹೆಂಗಸರಿಗೆ ಪ್ರೀತಿ ಸದನ, ದಾರಿ ತಪ್ಪಿಸಲ್ಪಟ್ಟವರಿಗೆ ಕೃಪಾ ಸದನ ಎಂದು ಪ್ರತ್ಯೇಕ ವ್ಯವಸ್ಥೆಗಳಿದ್ದವು. ಮಗಳು ಮನೋರಮಾ ಅಮೆರಿಕದಲ್ಲಿ ಕಲಿತು ಬಂದ ಬ್ರೈಲ್ ಲಿಪಿಯನ್ನು ಅಲ್ಲಿ ಕಲಿಸಿದರು; ಮುಂದೆ ಅವರೇ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆ ತೆರೆದು ಮುಕ್ತಿಯ ಕೆಲಸವನ್ನು ಕನ್ನಡ ಸೀಮೆಗೆ ತಂದರು. 1905ರಲ್ಲಿ ಮುಕ್ತಿಯಲ್ಲಿ ನಡೆದ ಉಜ್ಜೀವನವು, ಎಂದರೆ ಸಾಮೂಹಿಕ ಪ್ರಾರ್ಥನೆಯ ಭಾವಾವೇಶದ ಅಲೆಯು, ಜಗತ್ತಿನ ಪೆಂಟೆಕೋಸ್ಟಲ್ ಚರಿತ್ರೆಯಲ್ಲಿ ದೊಡ್ಡ ಸ್ಥಾನ ಪಡೆದಿದೆ. ಅದರ ಗದ್ದಲದಲ್ಲಿ ಗಾಣ, ಮೊಳೆ, ಮಜ್ಜಿಗೆಗಳ ಮುಕ್ತಿ ಮರೆಗೆ ಸರಿದಿರುವುದು ನಷ್ಟವೇ ಸರಿ.

ವಿಶ್ವಾಸ ಮಿಶನ್ನಿನ ಕ್ರಮವನ್ನು ವಿಮರ್ಶೆಯಿಲ್ಲದೆ ಒಪ್ಪಿಕೊಳ್ಳುವಂತೆಯೂ ಇಲ್ಲ. ಮನುಷ್ಯರನ್ನು ಕೇಳಬಾರದೆಂಬ ನಿಯಮವಿದ್ದರೂ ಮುಲ್ಲರನು ಪ್ರತಿ ವರ್ಷ ವರದಿಯನ್ನು ಅಚ್ಚು ಹಾಕಿಸುತ್ತಿದ್ದನು, ಬಂದ ದೇಣಿಗೆಗಳನ್ನು ಅದರಲ್ಲಿ ಒಂದೊಂದಾಗಿ ನಮೂದಿಸುತ್ತಿದ್ದನು. 'ಮುಕ್ತಿ ಪ್ರೇಯರ್ ಬೆಲ್' ಎಂಬ ಪತ್ರಿಕೆ ಕೇಡಗಾಂವದಿಂದ ಹೊರದೇಶಗಳ ಸ್ನೇಹಿತರಿಗೆ ಹೋಗುತ್ತಿತ್ತು. 1898ರಲ್ಲಿ ರಮಾಬಾಯಿಯವರು ಸ್ವತಃ ಅಮೆರಿಕಕ್ಕೆ ಹೋದಾಗ ಅಲ್ಲಿನ ಸಂಘವು ಹೊಸದಾಗಿ ರೂಪುಗೊಂಡಿತು. ಪ್ರಾರ್ಥನೆಗೆ ಉತ್ತರ ಬಂದ ಕಥೆಯನ್ನು ಓದಿದವನು ಮುಂದಿನ ಉತ್ತರವಾಗಲು ಮನಿ ಆರ್ಡರ್ ಕಳುಹಿಸುವುದು ಸಹಜವಾದ್ದರಿಂದ, ವರದಿಯೂ ಒಂದು ಬಗೆಯ ಕೋರಿಕೆಯೇ. ಮುಲ್ಲರನಿಗೆ ಇದರ ಅರಿವಿದ್ದಿತು. 1841ರ ಕೊನೆಯಲ್ಲಿ ಕೈಯಲ್ಲಿ ಏನೂ ಇಲ್ಲದ ಹೊತ್ತಿನಲ್ಲಿ ವಾರ್ಷಿಕ ಸಭೆಯನ್ನೂ ವರದಿಯನ್ನೂ ಅವನು ಬೇಕೆಂದೇ ಮುಂದಕ್ಕೆ ಹಾಕಿದ್ದು, ಅವು ಬೇಡುವ ಕೈಯಂತೆ ತೋರಬಾರದೆಂಬ ಕಾರಣಕ್ಕೆ. ಈ ಸೂಕ್ಷ್ಮವನ್ನು ಮರೆತು, ಪ್ರಾರ್ಥಿಸಿದವನಿಗೆ ಕಾರು ಬಂಗಲೆಗಳು ಖಚಿತವೆಂದು ಸಾರುವ ಇಂದಿನ 'ಸಮೃದ್ಧಿಯ ಸುವಾರ್ತೆ' ಮುಲ್ಲರನ ಹೆಸರನ್ನು ಬಳಸಿಕೊಳ್ಳುವುದು ಅನ್ಯಾಯವಾಗಿದೆ. ಸಾಲ ಮಾಡದೆ, ಸಂಬಳ ಪಡೆಯದೆ, ಲಕ್ಷಾಂತರ ಪೌಂಡುಗಳು ಕೈ ಹಾಯ್ದು ಹೋದರೂ ತನಗೆಂದು ಹೆಚ್ಚೇನೂ ಉಳಿಸಿಕೊಳ್ಳದೆ ಸತ್ತವನಿಗೂ ಆ ಬೋಧನೆಗೂ ಸಂಬಂಧವಿಲ್ಲ.

ಹರಕೆಗೂ ಈ ಪ್ರಾರ್ಥನೆಗೂ ಇರುವ ಅಂತರವನ್ನು ಇಲ್ಲಿಯೇ ಹೇಳಬಹುದು. ರಮಾಬಾಯಿಯವರ ಪೂರ್ವಜರ ಕಾರ್ಕಳ ತಾಲೂಕಿನಲ್ಲಿಯೇ ಇರುವ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಜನವರಿಯ ಜಾತ್ರೆಯಲ್ಲಿ ಎಲ್ಲ ಮತದವರೂ ಬಂದು ಮೇಣದ ಬತ್ತಿಗಳನ್ನು ಹಚ್ಚಿ ಹರಕೆ ಒಪ್ಪಿಸುತ್ತಾರೆ. ಹರಕೆಯಲ್ಲಿ ಇಂಥದು ನಡೆದರೆ ಇಂಥದನ್ನು ಕೊಡುವೆನೆಂಬ ಮಾತು ಇರುತ್ತದೆ, ಮತ್ತು ಕಷ್ಟದಲ್ಲಿರುವವರ ಆ ಮಾತಿನಲ್ಲಿ ಅಗೌರವಿಸುವಂಥದು ಏನೂ ಇಲ್ಲ. ಅನುದಿನದ ಅನ್ನವನ್ನು ಕೇಳುವ ಪ್ರಾರ್ಥನೆಯಲ್ಲಿ ಮಾತ್ರ ತಿರುಗಿ ಕೊಡುವ ಕರಾರು ಇಲ್ಲ. ಮಗು ತಾಯಿಯನ್ನು ಊಟ ಕೇಳುವಾಗ ಬೆಲೆ ಮಾತಾಡುವುದಿಲ್ಲವಷ್ಟೆ.

ಕೊಂಢವಾದಂಥ ಪುಣೆಯ ಹೊರವಲಯದಲ್ಲಿ ಈ ವಿಷಯವು ಗ್ರಂಥಾಲಯದ ವಿಷಯವಾಗಿ ಉಳಿಯುವುದಿಲ್ಲ. ಒಂದು ತಲೆಮಾರಿನ ಹಿಂದೆ ಹಳ್ಳಿಯ ಹೊಲಗಳಾಗಿದ್ದ ಜಾಗದಲ್ಲಿ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ತಿಂಗಳ ಪಗಾರದ ಕನ್ನಡಿಗರಿದ್ದಾರೆ. ಪುಣೆಯ ಇಂಥ ಕಟ್ಟಡಗಳನ್ನು ಎಬ್ಬಿಸಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಗೌಂಡಿಯ ಕೈಕೆಳಗೆ ದಿನಗೂಲಿ ಮಾಡುವವರೂ ಇದ್ದಾರೆ. ತಿಂಗಳ ಪಗಾರದವನಿಗೆ ಆ ಹೊತ್ತಿನ ಅನ್ನದ ಬೇಡಿಕೆ ಬಾಯಿಪಾಠದ ಒಂದು ಸಾಲಾಗಿ ಉಳಿಯಬಹುದು. ಬೆಳಿಗ್ಗೆ ನಾಕಾದಲ್ಲಿ ನಿಂತು, ಕರೆದರೆ ಹಾಜರಿ, ಕರೆಯದಿದ್ದರೆ ಅಂಗಡಿಯಲ್ಲಿ ಉದ್ದರಿ ಎಂದು ಬದುಕುವವನಿಗೆ ಅದು ಅಕ್ಷರಶಃ ಸತ್ಯ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಮೊದಲು ನಿಂತದ್ದು ಇವರ ಹಾಜರಿಯೇ, ಮತ್ತು ದೇಶದ ಎಲ್ಲ ನಗರಗಳಂತೆ ಪುಣೆಯಲ್ಲಿಯೂ ಇವರು ಅಕ್ಕಿ ಬೇಳೆಗಾಗಿ ಸಾಲಿನಲ್ಲಿ ನಿಲ್ಲಬೇಕಾಯಿತು.

ಮನುಷ್ಯರ ಮುಂದೆ ಕೈ ಚಾಚಬಾರದೆಂಬ ಮುಲ್ಲರ್ ಮತ್ತು ರಮಾಬಾಯಿಯವರ ನಿಯಮವನ್ನು ಇಂಥವರ ಮೇಲೆ ಹೇರುವ ಬೋಧಕರೂ ಇಲ್ಲದಿಲ್ಲ. ಅದು ನಿಯಮದ ತಪ್ಪು ಅನ್ವಯ. ಆ ನಿಯಮವು ಸಂಸ್ಥೆ ನಡೆಸುವವರು, ಬಾಸ್ಟನ್ನಿನಲ್ಲಿಯೋ ಬ್ರಿಸ್ಟಲಿನಲ್ಲಿಯೋ ತಮ್ಮ ಹೆಸರು ಬಲ್ಲವರಿದ್ದವರು, ತಮ್ಮ ಮೇಲೆ ತಾವೇ ಹಾಕಿಕೊಂಡ ಕಟ್ಟು. ಬರದ ನಾಡಿನಿಂದ ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ ಬಂದ ಹಸಿದ ಹುಡುಗಿಗೆ ರಮಾಬಾಯಿಯವರು ಮೊದಲು ಕೊಟ್ಟದ್ದು ಊಟ. ಕೂಲಿ ಉಳಿಸಿಕೊಂಡ ಗುತ್ತಿಗೆದಾರನ ಬಾಗಿಲಿಗೆ ಹೋಗಿ ತನ್ನ ಹಣ ಕೇಳುವ ಕೆಲಸಗಾರನು ವಿಶ್ವಾಸದಲ್ಲಿ ಕುಂದಿದವನಲ್ಲ. ಹೊಸ ಒಡಂಬಡಿಕೆಯ ಯಾಕೋಬನ ಪತ್ರದ ಐದನೆಯ ಅಧ್ಯಾಯವು, ಪ್ರವಾದಿ ಎಲೀಯನು ಪ್ರಾರ್ಥಿಸಿ ಮಳೆ ತರಿಸಿದ್ದನ್ನು ನೆನೆಯುವ ಮೊದಲೇ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯು ತಾನೇ ದೇವರಿಗೆ ಮೊರೆಯಿಡುತ್ತದೆಂದು ಹೇಳಿ, ಜಮೀನುದಾರರನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತದೆ.